ಕೀನ್ಯಾದ ಕಿಸುಮುಗೆ ನಾಲ್ಕು ವಾರದ ಸಮುದಾಯ ಆರೋಗ್ಯ ಸೇವೆ: ವಿದ್ಯಾರ್ಥಿ ತಂಡ ಏನೇನು ತಯಾರಿ ಮಾಡಿಕೊಳ್ಳಬೇಕು?

ನರ್ಸಿಂಗ್_ಮೂರನೇ_ವರ್ಷ

ಎಲ್ಲರಿಗೂ ನಮಸ್ಕಾರ. ನಮ್ಮದು ಎಂಟು ಜನರ ತಂಡ: ಐದು ಜನ ಬಿಎಸ್ಸಿ ನರ್ಸಿಂಗ್, ಮೂರು ಜನ ಎಂಬಿಬಿಎಸ್. ಜುಲೈನಲ್ಲಿ ನಾಲ್ಕು ವಾರ ಕಿಸುಮು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹಳ್ಳಿಗಳಲ್ಲಿ ಕೆಲಸ. ಕರೆದಿರುವುದು ಅಲ್ಲಿನದೇ ಒಂದು ಸಂಸ್ಥೆ. ಬಿಪಿ-ಶುಗರ್ ತಪಾಸಣೆ, ಮಕ್ಕಳ ಪೌಷ್ಟಿಕತೆ, ಕೈತೊಳೆಯುವ ಅಭ್ಯಾಸ ಇವು ಪಟ್ಟಿಯಲ್ಲಿವೆ. ದಾನಿಗಳು ಎರಡು ಸೂಟ್‌ಕೇಸ್ ಔಷಧಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಇನ್ನೂ ಐದು ತಿಂಗಳಿದೆ. ಲಸಿಕೆ, ವೀಸಾ, ಸಾಮಾನು, ನಾವು ಯಾವ ಕೆಲಸಕ್ಕೆ ಕೈ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಲ್ಲವೂ ತಿಳಿಯಬೇಕು. ದಯವಿಟ್ಟು ವಿವರವಾಗಿ ಹೇಳಿ.

ಸಮುದಾಯ_ವೈದ್ಯ_ಧಾರವಾಡ

ಲಸಿಕೆ, ಟಿಕೆಟ್ ಆಮೇಲೆ ನೋಡೋಣ. ಮೊದಲು ಒಂದು ಕಾಗದ ತರಿಸ್ರಿ. ಕರೆದ ಸಂಸ್ಥೆ ಬರೆದು ಕೊಡಬೇಕು: ನೀವು ಯಾವ ಕೆಲಸ ಮಾಡತೀರಿ, ಯಾರ ಕೈಕೆಳಗ ಮಾಡತೀರಿ, ಅವರ ನೋಂದಣಿ ಏನು, ಕೌಂಟಿ ಆರೋಗ್ಯ ತಂಡದ ಒಪ್ಪಿಗೆ ಐತೋ ಇಲ್ಲೋ. ಕೀನ್ಯಾದಾಗ 2010ರ ಸಂವಿಧಾನ ಬಂದ ಮ್ಯಾಲೆ ಆರೋಗ್ಯ ಸೇವೆ 47 ಕೌಂಟಿಗಳ ಕೈಗೆ ಹೋಗೇತಿ. ನೈರೋಬಿಯ ಯಾವುದೋ ಕಚೇರಿ ಪತ್ರ ಹಿಡಕೊಂಡು ಹೋದರ ಹಳ್ಳಿಯ ಡಿಸ್ಪೆನ್ಸರಿ ನರ್ಸ್‌ಗೆ ಅದು ಸಂಬಂಧ ಇಲ್ಲ. ಅವರ ಮೇಲಿನವರು ಕೌಂಟಿ, ಸಬ್-ಕೌಂಟಿ ಅಧಿಕಾರಿಗಳು.

ಎರಡನೇದು, ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥವರು ಮೊದಲೇ ಅದಾರ. ಸಮುದಾಯ ಆರೋಗ್ಯ ಪ್ರವರ್ತಕರು ಅಂತ ಹೆಸರು, ಸುಮಾರು ನೂರು ಮನೆಗೆ ಒಬ್ಬರು. 2023ರ ಸೆಪ್ಟೆಂಬರ್‌ನಾಗ ಸರ್ಕಾರ ದೇಶದ ತುಂಬ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿಗೆ ಕಿಟ್ ಕೊಟ್ಟಿತು. ಬಿಪಿ ಯಂತ್ರ, ಗ್ಲುಕೋಮೀಟರ್, ಥರ್ಮಾಮೀಟರ್, ತೂಕದ ಯಂತ್ರ, ಮಕ್ಕಳ ತೋಳು ಅಳೆಯುವ ಪಟ್ಟಿ, ಮನೆಮನೆ ವಿವರ ತುಂಬಲಿಕ್ಕೆ ಮೊಬೈಲ್, ಎಲ್ಲಾ ಅದರಾಗ ಐತಿ. ಹಂಗಾದ ಮ್ಯಾಲೆ ನೀವು ಎಂಟು ಮಂದಿ ಹೋಗಿ ಮತ್ತ ಅದೇ ಬಿಪಿ ನೋಡಿದರ ಹೊಸದಾಗಿ ಏನು ಸಿಕ್ಕಂಗಾತು? ಅವರನ್ನ ಕೇಳ್ರಿ: ಯಾವ ಯಂತ್ರ ಕೆಟ್ಟೈತಿ, ಶುಗರ್ ನೋಡೋ ಸ್ಟ್ರಿಪ್ ಯಾವಾಗ ಮುಗೀತು, ಯಾವ ಮನೆಗೆ ಎರಡನೇ ಸಲ ಹೋಗಲಿಕ್ಕೆ ಆಗವಲ್ದು. ಆ ಪಟ್ಟಿಯೇ ನಿಮ್ಮ ಕೆಲಸದ ಪಟ್ಟಿ ಆಗಬೇಕು.

ಕೈ ಹಾಕಬಾರದ್ದು ಯಾವುದು ಅಂತ ಕೇಳೀರಿ. ಇಲ್ಲಿ ಮೇಲ್ವಿಚಾರಣೆ ಇಲ್ಲದೆ ನಿಮ್ಮ ಕೈಗೆ ಕೊಡದ ಕೆಲಸ ಅಲ್ಲಿಯೂ ಬ್ಯಾಡ. ಹೊಲಿಗೆ, ಹಲ್ಲು ಕೀಳೋದು, ಹೆರಿಗೆ, ಐವಿ (ರಕ್ತನಾಳಕ್ಕ ಸೂಜಿ ಹಾಕೋದು), ಔಷಧಿ ಬರೆದು ಕೊಡೋದು ಯಾವುದೂ ಬ್ಯಾಡ. ವೈದ್ಯರು, ದಂತವೈದ್ಯರಿಗೆ ಅಲ್ಲಿನ ವೈದ್ಯ ಮಂಡಳಿ, ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್ ಆಫ್ ಕೀನ್ಯಾ ಅಂತ ಬೇರೆ ಬೇರೆ ನಿಯಂತ್ರಣ ಅದಾವ. ಆಸ್ಪತ್ರೆಯಾಗ ರೋಗಿಯ ಹಾಸಿಗೆ ಪಕ್ಕ ಕಲಿಯೋ ಪೋಸ್ಟಿಂಗ್ ಇದ್ದರ ಅವರ ಅನುಮತಿ ಬೇಕೇ ಬೇಕು.

ಲಸಿಕೆ_ಕೋಣೆ

ಹಳದಿ ಜ್ವರದ ಲಸಿಕೆ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಿಗಿದೆ. ಭಾರತದಿಂದ ನೇರವಾಗಿ ಹೋದವರನ್ನು ಕೀನ್ಯಾ ಸರ್ಟಿಫಿಕೇಟ್ ಕೇಳದೇ ಇರಬಹುದು, ಏಕೆಂದರೆ ಭಾರತದಲ್ಲಿ ಈ ರೋಗ ಇಲ್ಲ. ಆದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಕೇಳುತ್ತಾರೆ. ನಮ್ಮಲ್ಲಿ ಈಡಿಸ್ ಸೊಳ್ಳೆ ತುಂಬಾ ಇದೆ, ವೈರಸ್ ಮಾತ್ರ ಇಲ್ಲ. ಅದು ಒಳಗೆ ಬರಬಾರದೆಂದೇ ಭಾರತ ಇಷ್ಟು ಬಿಗಿ. ಸರಿಯಾದ ಸರ್ಟಿಫಿಕೇಟ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ.

ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಸರ್ಟಿಫಿಕೇಟ್‌ಗೆ ಮಾನ್ಯತೆ. 2016ರ ಜುಲೈ 11ರಿಂದ ಅದು ಜೀವನಪೂರ್ತಿ ಮಾನ್ಯ, ಹತ್ತು ವರ್ಷದ ಹಳೆಯ ನಿಯಮ ಹೋಗಿದೆ. ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಹಾಕಿಸಿದರೆ ಮಾತ್ರ ಆ ಸರ್ಟಿಫಿಕೇಟಿನ ಹಳದಿ ಪುಸ್ತಕ ನಡೆಯುತ್ತದೆ. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥ ಒಂದು ಕೇಂದ್ರ. ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತವೆ, ಕಲಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಕೆಲವು ಕೇಂದ್ರಗಳು ಗೊತ್ತಾದ ದಿನಗಳಲ್ಲಿ ಮಾತ್ರ ಹಾಕುತ್ತವೆ. ಎಂಟು ಜನ ಒಟ್ಟಿಗೆ ದಿನ ಗೊತ್ತುಮಾಡಿಕೊಂಡು ಹೋಗಿ. ಮೂಲ ಪಾಸ್‌ಪೋರ್ಟ್ ಒಯ್ಯಿರಿ. ಪುಸ್ತಕದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಪಾಸ್‌ಪೋರ್ಟ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಮೊಹರು, ಸಹಿ ಎಲ್ಲವನ್ನೂ ಅಲ್ಲೇ ನಿಂತು ನೋಡಿಕೊಳ್ಳಿ. ಇನಿಷಿಯಲ್ ಬಿಡಿಸಿ ಬರೆದರೋ ಇಲ್ಲವೋ ಎಂಬಷ್ಟಕ್ಕೆ ನಿಲ್ದಾಣದಲ್ಲಿ ತಕರಾರು ಆಗುತ್ತದೆ.

ಇದು ಜೀವಂತ ವೈರಸ್‌ನ ಲಸಿಕೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, ಸ್ಟೀರಾಯ್ಡ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿ ಇರುವವರು, ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು ಮೊದಲೇ ಹೇಳಬೇಕು. ಎಂಎಂಆರ್ ಅಥವಾ ಸೀತಾಳೆ ಲಸಿಕೆಯೂ ಬಾಕಿ ಇದ್ದರೆ ಅದೇ ದಿನ ಹಾಕಿಸಿ, ಇಲ್ಲವಾದರೆ ನಾಲ್ಕು ವಾರ ಬಿಡಿ.

ಇನ್ನು ಹೆಪಟೈಟಿಸ್ ಬಿ. 0, 1, 6 ತಿಂಗಳು ಮೂರು ಡೋಸ್. ನಿಮಗೆ ಇರುವುದು ಐದೇ ತಿಂಗಳು, ಆದ್ದರಿಂದ ಯಾರಿಗೆ ಆಗಿಲ್ಲವೋ ಅವರು ಇದೇ ವಾರ ವೈದ್ಯರನ್ನು ಕಂಡು 0, 7, 21 ದಿನದ ಶೀಘ್ರ ಕ್ರಮದ ಬಗ್ಗೆ ಕೇಳಿ. ಅದರಲ್ಲಿ ಹನ್ನೆರಡನೇ ತಿಂಗಳಿಗೆ ಇನ್ನೊಂದು ಡೋಸ್ ಇರುತ್ತದೆ. ಆಗಿದೆ ಅನ್ನುವವರು ಲಸಿಕೆ ಹಿಡಿದಿದೆಯೇ ಎಂದು ತೋರಿಸುವ ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ. 10 ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ. ಹೆಪಟೈಟಿಸ್ ಎ, ಟೈಫಾಯ್ಡ್ ಕಾಂಜುಗೇಟ್ ಲಸಿಕೆ, ಟಿಡಿ (ಧನುರ್ವಾಯು-ಡಿಫ್ತೀರಿಯಾ) ಬೂಸ್ಟರ್ ಇವೂ ಬೇಕು. ಹಳ್ಳಿ ಸುತ್ತುವ ಕೆಲಸವಾದ್ದರಿಂದ ರೇಬೀಸ್‌ಗೆ ಮುಂಚಿತ ಲಸಿಕೆಯನ್ನೂ ಬಿಡಬೇಡಿ: 0 ಮತ್ತು 7ನೇ ದಿನ, ಎರಡೇ ಡೋಸ್. ಹಾಕಿಸಿದ್ದವರಿಗೆ ನಾಯಿ ಕಚ್ಚಿದರೆ 0 ಮತ್ತು 3ನೇ ದಿನ ಇನ್ನೆರಡು ಡೋಸ್ ಸಾಕು, ಇಮ್ಯುನೋಗ್ಲೋಬುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾಗುವುದಿಲ್ಲ. ಹಳ್ಳಿಗಾಡಿನಲ್ಲಿ ಆ ಇಮ್ಯುನೋಗ್ಲೋಬುಲಿನ್ ಹುಡುಕುವುದೇ ಕಷ್ಟ.

ನರ್ಸಿಂಗ್_ಮೂರನೇ_ವರ್ಷ

ಧನ್ಯವಾದ ಸರ್, ಮೇಡಂ. ಮಲೇರಿಯಾಕ್ಕೆ ಸೊಳ್ಳೆಪರದೆ ಸಾಕೇ, ಮಾತ್ರೆಯೂ ಬೇಕೇ? ಸೀನಿಯರ್ ಒಬ್ಬರು ಕ್ಲೋರೋಕ್ವಿನ್ ವಾರಕ್ಕೊಂದು ಸಾಕು ಅಂದರು.

ಲಸಿಕೆ_ಕೋಣೆ

ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ಪೂರ್ವ ಆಫ್ರಿಕಾದ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ಅದಕ್ಕೆ ಬಗ್ಗದೆ ಎಷ್ಟೋ ವರ್ಷವಾಯಿತು. ಕಿಸುಮು, ಸಿಯಾಯಾ, ಹೋಮಾ ಬೇ ಎಲ್ಲ ವಿಕ್ಟೋರಿಯಾ ಸರೋವರದ ಸುತ್ತಲಿನ ಕೌಂಟಿಗಳು, ದೇಶದಲ್ಲೇ ಮಲೇರಿಯಾ ಹೆಚ್ಚಿರುವ ಪ್ರದೇಶ. ನೈರೋಬಿ ಎತ್ತರದಲ್ಲಿದೆ, ಅಲ್ಲಿ ಅಪಾಯ ಕಡಿಮೆ. ನೈರೋಬಿಯಲ್ಲಿ ಇದ್ದು ಬಂದವರ ಸಲಹೆಯನ್ನು ಕಿಸುಮುಗೆ ಹಚ್ಚಬೇಡಿ.

ಮೂರು ಆಯ್ಕೆಗಳಿವೆ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದು: ಹೊರಡುವ ಒಂದೆರಡು ದಿನ ಮುಂಚೆ ಶುರು, ವಾಪಸ್ ಬಂದ ಮೇಲೆ ನಾಲ್ಕು ವಾರ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಬಿಸಿಲಿಗೆ ಚರ್ಮ ಸುಡುತ್ತದೆ, ಕೆಲವು ಹೆಣ್ಣುಮಕ್ಕಳಿಗೆ ಫಂಗಸ್ ಸೋಂಕು ಬರುತ್ತದೆ. ರಾತ್ರಿ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಊಟದ ಜೊತೆ, ತುಂಬಿದ ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆಯಾದರೂ ಕೂತಿರಿ. ಅಟೊವಾಕ್ವೋನ್-ಪ್ರೋಗ್ವಾನಿಲ್: ಒಂದೆರಡು ದಿನ ಮುಂಚೆ ಶುರು, ಬಂದ ಮೇಲೆ ಏಳೇ ದಿನ. ಕೊಬ್ಬಿರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಎಲ್ಲ ಮೆಡಿಕಲ್ ಶಾಪ್‌ನಲ್ಲಿ ಇರುವುದಿಲ್ಲ, ಮೊದಲೇ ಹೇಳಿ ತರಿಸಬೇಕು. ಮೆಫ್ಲೋಕ್ವಿನ್ ವಾರಕ್ಕೊಂದು, ಎರಡು ವಾರ ಮುಂಚೆ ಶುರು, ನಂತರ ನಾಲ್ಕು ವಾರ. ಖಿನ್ನತೆ, ಆತಂಕ, ಮೂರ್ಛೆಯ ಹಿನ್ನೆಲೆ ಇದ್ದವರಿಗೆ ಅದು ಆಗದು. ಯಾರಿಗೆ ಯಾವುದು ಅಂತ ವೈದ್ಯರೇ ಬರೆಯಲಿ, ತಂಡಕ್ಕೆಲ್ಲ ಒಂದೇ ಡಬ್ಬಿ ಹಂಚಬೇಡಿ.

ಮಾತ್ರೆ ತಪ್ಪುವುದು ಸಾಮಾನ್ಯವಾಗಿ ಕೀನ್ಯಾದಲ್ಲಿ ಅಲ್ಲ, ಊರಿಗೆ ಬಂದ ಮೇಲೆ. ಮನೆಗೆ ಬಂದ ಮೂರನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಪರೋಪಜೀವಿ ಯಕೃತ್ತಿನಿಂದ ರಕ್ತಕ್ಕೆ ಇಳಿಯುವ ಹೊತ್ತಿಗೆ ರಕ್ತದಲ್ಲಿ ಔಷಧಿ ಇರಬೇಕು, ಆ ಕೊನೆಯ ವಾರಗಳ ಉದ್ದೇಶವೇ ಅದು.

ಪರದೆಯೂ ಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಕೀಟನಾಶಕ ಲೇಪಿಸಿದ ಪರದೆ, ತುದಿ ಹಾಸಿಗೆಯ ಕೆಳಗೆ ಸಿಕ್ಕಿಸಿರಬೇಕು.

ಫಾರ್ಮಸಿ_ಮೈಸೂರು

ಆ ಎರಡು ಸೂಟ್‌ಕೇಸ್ ಔಷಧಿ ಬೇಡ. ದಾನಿಗಳಿಗೆ ಬೇಸರ ಆದರೂ ಸರಿ, ಬೇಡ ಅನ್ನಿ.

ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ದಾನದ ಮಾರ್ಗಸೂಚಿ 1996ರಿಂದಲೇ ಇದೆ, 2010ರಲ್ಲಿ ಮತ್ತೆ ಪರಿಷ್ಕರಿಸಿದ್ದಾರೆ. ಅದರ ಸಾರ ಇಷ್ಟು: ಪಡೆಯುವವರು ಕೇಳಿದ್ದನ್ನೇ ಕೊಡಬೇಕು. ರೋಗಿಗಳು ಹಿಂತಿರುಗಿಸಿದ ಮಾತ್ರೆ, ಡಾಕ್ಟರಿಗೆ ಬಂದ ಫ್ರೀ ಸ್ಯಾಂಪಲ್ ಕೊಡಬಾರದು. ಅಲ್ಲಿ ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಜೆನೆರಿಕ್ ಹೆಸರು ಸ್ಪಷ್ಟವಾಗಿರಬೇಕು. ನಮ್ಮಲ್ಲಿ "ದಾನ" ಅಂತ ಒಟ್ಟಾಗುವ ಡಬ್ಬಿಗಳಲ್ಲಿ ಎಷ್ಟೋ ಈ ನಿಯಮದ ಮುಂದೆ ನಿಲ್ಲುವುದಿಲ್ಲ. ಕೀನ್ಯಾದಲ್ಲಿ ಔಷಧಿ ಆಮದಿಗೆ ಫಾರ್ಮಸಿ ಅಂಡ್ ಪಾಯ್ಸನ್ಸ್ ಬೋರ್ಡ್‌ನ ಅನುಮತಿ ಬೇಕು. ಇಲ್ಲದೆ ಸೂಟ್‌ಕೇಸಲ್ಲಿ ತುಂಬಿಕೊಂಡು ಇಳಿದರೆ ಕಸ್ಟಮ್ಸ್ ಮುಟ್ಟುಗೋಲು ಹಾಕಿಕೊಳ್ಳಬಹುದು, ವಿದ್ಯಾರ್ಥಿಯ ಹೆಸರೂ ದಾಖಲೆಗೆ ಹೋಗುತ್ತದೆ.

ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಬಿಪಿ 170 ಇದ್ದ ಅಜ್ಜಿಗೆ ಅಮ್ಲೋಡಿಪಿನ್ ಹದಿನೈದು ಮಾತ್ರೆ ಕೊಟ್ಟು ಬಂದಿರಿ. ಹದಿನಾರನೇ ದಿನ? ಆಕೆ ಡಿಸ್ಪೆನ್ಸರಿಗೆ ಹೋಗಿ ಆ ಬ್ರ್ಯಾಂಡಿನ ಖಾಲಿ ಪ್ಯಾಕ್ ತೋರಿಸುತ್ತಾಳೆ, ಅವರಿಗೆ ಅದು ಗೊತ್ತಾಗುವುದಿಲ್ಲ. "ಭಾರತದ ಡಾಕ್ಟರ ಮಾತ್ರೆಯೇ ಒಳ್ಳೆಯದು" ಅಂತ ಸ್ಥಳೀಯ ಔಷಧಿ ಬಿಟ್ಟುಬಿಡುವವರೂ ಇರುತ್ತಾರೆ. ದಾನಿಗಳ ಹಣವನ್ನು ಡಿಸ್ಪೆನ್ಸರಿಯವರು ಕೊಟ್ಟ ಪಟ್ಟಿಯಂತೆ ಕೀನ್ಯಾದಲ್ಲೇ ಖರೀದಿಗೆ ಕೊಡಿಸಿ, ರಸೀದಿ ತಂದು ತೋರಿಸಿ. ಆ ಹಣ ಅಲ್ಲಿನ ಸರಬರಾಜು ಸರಪಳಿಯಲ್ಲೇ ಉಳಿಯುತ್ತದೆ.

ನಿಮ್ಮ ಸ್ವಂತ ಔಷಧಿ ಮೂಲ ಪ್ಯಾಕ್‌ನಲ್ಲಿ, ಚೀಟಿಯ ಜೊತೆ, ಕೈಚೀಲದಲ್ಲಿ ಇರಲಿ.

ಲ್ಯಾಬ್_ಅಕ್ಕ_ಮಂಗಳೂರು

ಫಾರ್ಮಸಿಯವರು ಹೇಳಿದ್ದು ಸರಿ, ಅದೇ ಮಾತು ಗ್ಲುಕೋಮೀಟರ್‌ಗೂ ಉಂಟು. ಮೀಟರ್ ಅಗ್ಗ, ಸ್ಟ್ರಿಪ್‌ನಲ್ಲೇ ಖರ್ಚು. ಇಲ್ಲಿಯ ಬ್ರ್ಯಾಂಡ್‌ನ ಮೀಟರ್ ಹತ್ತು ಬಿಟ್ಟು ಬಂದರೆ, ಆ ಸ್ಟ್ರಿಪ್ ಕಿಸುಮುವಿನಲ್ಲಿ ಸಿಗದಿದ್ದರೆ, ಎರಡು ತಿಂಗಳಲ್ಲಿ ಅದು ಕಪಾಟಿನಲ್ಲಿ ಕೂರ್ತದೆ. ಮೊದಲು ಅಲ್ಲಿ ಯಾವ ಸ್ಟ್ರಿಪ್ ಬಳಸ್ತಾರೆ ಅಂತ ಕೇಳಿ, ಅದಕ್ಕೆ ಹೊಂದುವುದನ್ನೇ ತೆಗೊಳ್ಳಿ. ಸ್ಟ್ರಿಪ್ ಡಬ್ಬಿ 30 ಡಿಗ್ರಿಗಿಂತ ಮೇಲೆ ಬಿಸಿಯಾಗಬಾರದು, ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ತಪ್ಪು ಅಂಕಿ ಬರ್ತದೆ. ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಡಬ್ಬಿ ಸಂಜೆಗೆ ಕೆಲಸಕ್ಕಿಲ್ಲ.

ಬೆರಳು ಚುಚ್ಚಲಿಕ್ಕೆ ಪೆನ್ ತರಹದ ಲ್ಯಾನ್ಸಿಂಗ್ ಸಾಧನ ಕ್ಯಾಂಪಿನಲ್ಲಿ ಬೇಡವೇ ಬೇಡ. ಸೂಜಿ ಬದಲಿಸಿದರೂ ಅದರ ತುದಿಯಲ್ಲಿ ರಕ್ತ ಉಳಿದು ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳು ಉಂಟು. ಒಮ್ಮೆ ಚುಚ್ಚಿದರೆ ಸೂಜಿ ತಾನೇ ಒಳಗೆ ಹೋಗುವ ಒಂದೇ ಬಳಕೆಯ ಲ್ಯಾನ್ಸೆಟ್ ಇರಲಿ. ಬೆರಳಲ್ಲಿ ಮಾವಿನಹಣ್ಣಿನ ರಸ ಇದ್ದರೆ ಶುಗರ್ ಹೆಚ್ಚು ತೋರಿಸ್ತದೆ, ಆದ್ದರಿಂದ ಮೊದಲು ಸಾಬೂನು ನೀರಿನಲ್ಲಿ ಕೈ ತೊಳೆಸಿ, ಒಣಗಿದ ಮೇಲೆ ಚುಚ್ಚಿ. ಬಳಸಿದ ಸೂಜಿ ಹಾಕುವ ಸೇಫ್ಟಿ ಬಾಕ್ಸ್ ಮುಕ್ಕಾಲು ತುಂಬಿದಾಗ ಮುಚ್ಚಿ, ಆರೋಗ್ಯ ಕೇಂದ್ರಕ್ಕೇ ವಾಪಸ್ ಕೊಡಿ. ಹಳ್ಳಿಯಲ್ಲಿ ಗುಂಡಿ ತೋಡಿ ಹೂಳಿ ಬರುವುದು ಮಹಾ ತಪ್ಪು.

ಬಿಪಿ: ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಮಾತಾಡಿಸಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ. ತೋಳಿನ ಸುತ್ತಳತೆ 32 ಸೆಂ.ಮೀ.ಗಿಂತ ಹೆಚ್ಚಿದ್ದರೆ ದೊಡ್ಡ ಕಫ್ (ತೋಳಿಗೆ ಸುತ್ತುವ ಗಾಳಿಪಟ್ಟಿ) ಬೇಕು. ಸಣ್ಣ ಕಫ್ ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ಬರ್ತದೆ. ಎರಡು ಕಿಲೋಮೀಟರ್ ಬಿಸಿಲಲ್ಲಿ ನಡೆದು ಬಂದವರನ್ನು ನಿಲ್ಲಿಸಿಯೇ ನೋಡಿದರೆ ಅಂಕಿಗೆ ಅರ್ಥವಿಲ್ಲ. ಸಾಲು ಉದ್ದ ಉಂಟು ಅಂತ ಅವಸರ ಮಾಡಿದ ದಿನವೇ ಈ ತಪ್ಪುಗಳೆಲ್ಲ ಆಗುವುದು. ದಿನಕ್ಕೆ ಇನ್ನೂರು ಜನರ ಲೆಕ್ಕ ಬೇಡ ಮಾರಾಯ್ರೆ, ಅರವತ್ತು ಜನರನ್ನು ಸರಿಯಾಗಿ ನೋಡಿ.

ಸಮುದಾಯ_ವೈದ್ಯ_ಧಾರವಾಡ

ಲ್ಯಾಬ್ ಅಕ್ಕಾರ ಮಾತಿಗೆ ಒಂದು ಸೇರಿಸತೀನಿ. ಬಿಪಿ 180/110 ಬಂದವರನ್ನ ಎಲ್ಲಿಗೆ ಕಳಸತೀರಿ ಅನ್ನೋದು ಗೊತ್ತಾಗದೆ ಒಂದು ಕಫ್ ಕೂಡ ಬಿಚ್ಚಬ್ಯಾಡ್ರಿ. ಕೀನ್ಯಾದಾಗ ಸೇವೆಗೆ ಆರು ಹಂತ: ಒಂದನೇದು ಸಮುದಾಯ, ಎರಡು ಡಿಸ್ಪೆನ್ಸರಿ, ಮೂರು ಹೆಲ್ತ್ ಸೆಂಟರ್, ನಾಲ್ಕು ಸಬ್-ಕೌಂಟಿ ಆಸ್ಪತ್ರೆ, ಐದು ಕೌಂಟಿ ರೆಫರಲ್, ಆರು ರಾಷ್ಟ್ರೀಯ ಆಸ್ಪತ್ರೆ. ರೆಫರ್ ಚೀಟಿ ಅವರದೇ ನಮೂನೆಯದು ಇರಬೇಕು. ಚೀಟಿಯ ಒಂದು ಭಾಗ ರೋಗಿಗೆ, ಒಂದು ಆ ಹಳ್ಳಿಯ ಪ್ರವರ್ತಕರಿಗೆ. ಆಮೇಲೆ ಹೋದರೋ ಇಲ್ಲೋ ಅಂತ ನೋಡೋರು ಅವರು, ನೀವಲ್ಲ. ನೀವು ಆಗಲೇ ವಿಮಾನ ಹತ್ತಿರತೀರಿ.

ಪೌಷ್ಟಿಕತೆ_ರಾಯಚೂರು

ಮಕ್ಕಳ ತೋಳಿನ ಪಟ್ಟಿ ನಮ್ಮ ಅಂಗನವಾಡಿಯವರಿಗೂ ಗೊತ್ತಿರುವುದೇ. 6ರಿಂದ 59 ತಿಂಗಳ ಮಕ್ಕಳಿಗೆ ಮಾತ್ರ. ಎಡ ತೋಳು, ಭುಜದ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು ನಡುವಿನ ಗುರುತು ಹಾಕಿ, ಕೈ ಇಳಿಬಿಟ್ಟಾಗ ಪಟ್ಟಿ ಸುತ್ತಿ. ಚರ್ಮ ಸುಕ್ಕಾದರೆ ಬಿಗಿ ಹೆಚ್ಚಾಗಿದೆ, ಸಂದು ಕಂಡರೆ ಸಡಿಲ. 115 ಮಿ.ಮೀ.ಗಿಂತ ಕಡಿಮೆ ಕೆಂಪು, 115ರಿಂದ 125ಕ್ಕಿಂತ ಕಡಿಮೆ ಹಳದಿ. ಪಟ್ಟಿ ಹಸಿರು ತೋರಿಸಿದರೂ ಪಾದ ನೋಡದೆ ಬಿಡಬೇಡಿ: ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ, ಗುಳಿ ಉಳಿದರೆ ಅದು ತೀವ್ರ ಅಪೌಷ್ಟಿಕತೆ. ಬಾವು ಬಂದ ಮಗು ದುಂಡಗೆ ಕಾಣುತ್ತದೆ, ಹೊಸಬರು ಮೋಸಹೋಗುವುದು ಅಲ್ಲೇ.

ಭೇದಿಯಾದ ಮಗುವಿಗೆ ಕುಡಿಸುವ ಓಆರ್‌ಎಸ್ ಕಲಿಸುವಾಗ ಎಚ್ಚರ. ಪುಡಿಯ ಪೊಟ್ಟಣ ಎಲ್ಲ ದೇಶದಲ್ಲೂ ಒಂದೇ ಅಳತೆಯದಲ್ಲ. ನಮ್ಮಲ್ಲಿ ಒಂದು ಲೀಟರಿನದೂ ಇದೆ, 200 ಮಿ.ಲೀ.ನದೂ ಇದೆ, ಕೀನ್ಯಾದಲ್ಲಿ ಅರ್ಧ ಲೀಟರಿನದು ಸಾಮಾನ್ಯ. ಇಲ್ಲಿಂದ ಲೀಟರಿನ ಪೊಟ್ಟಣ ಒಯ್ದು, ಅಲ್ಲಿನ ತಾಯಿ ರೂಢಿಯಂತೆ ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಇಮ್ಮಡಿಯಾಗಿ ಮಗುವಿಗೇ ಅಪಾಯ. ಅಲ್ಲಿನದೇ ಪೊಟ್ಟಣ, ಅವರ ಮನೆಯದೇ ಬಾಟಲಿ ಇಟ್ಟುಕೊಂಡು ತೋರಿಸಿ. ಜೊತೆಗೆ ಜಿಂಕ್: ಆರು ತಿಂಗಳು ಮೇಲ್ಪಟ್ಟವರಿಗೆ ದಿನಕ್ಕೆ 20 ಮಿ.ಗ್ರಾಂ, ಕೆಳಗಿನವರಿಗೆ 10, ಒಟ್ಟು 10ರಿಂದ 14 ದಿನ. ಕೊಡುವುದು ಅಲ್ಲಿನ ಕಾರ್ಯಕರ್ತರು, ನೀವು ಪಕ್ಕದಲ್ಲಿರಿ.

ಕೈತೊಳೆಯಲು ಟಿಪ್ಪಿ ಟ್ಯಾಪ್ ಎಂಬ ಕಾಲಲ್ಲಿ ತುಳಿಯುವ ಸರಳ ನಲ್ಲಿ ಮಾಡಿಸಬಹುದು. ಕವಲಿರುವ ಎರಡು ಮೀಟರಿನ ಎರಡು ಗೂಟ, ಮೀಟರಿನ ಎರಡು ಕೋಲು, ಹಗ್ಗ, ಹಿಡಿಯಿರುವ ಪ್ಲಾಸ್ಟಿಕ್ ಕ್ಯಾನ್, ಸಾಬೂನು. ಗೂಟಗಳು ಅರ್ಧ ಮೀಟರ್ ಆಳಕ್ಕೆ, ಒಂದರಿಂದೊಂದು ಸುಮಾರು 70 ಸೆಂ.ಮೀ. ದೂರ. ಕಾಯಿಸಿದ ಮೊಳೆಯಿಂದ ಮುಚ್ಚಳದ ಕೆಳಗೆ 12 ಸೆಂ.ಮೀ. ಬಳಿ ತೂತು. ಕೆಳಗಿನ ಕೋಲು ತುಳಿದರೆ ಕ್ಯಾನ್ ಬಾಗಿ ನೀರು ಬರುತ್ತದೆ. ಕೆಳಗೆ ಜಲ್ಲಿ ಹಾಕದಿದ್ದರೆ ಕೆಸರಾಗಿ ಸೊಳ್ಳೆ. ಕೆಡುವುದಕ್ಕಿಂತ ಹೆಚ್ಚಾಗಿ ಇದು ನೀರು ತುಂಬುವವರಿಲ್ಲದೆ ನಿಲ್ಲುತ್ತದೆ. ಶಾಲೆಯಲ್ಲಿ ಯಾವ ತರಗತಿ ಯಾವ ವಾರ ತುಂಬಬೇಕು ಎಂಬ ಪಟ್ಟಿ ಗೋಡೆಗೆ ಬರದೆ ಗೂಟ ನೆಡಬೇಡಿ.

ಕಿಸುಮು_ಕನ್ನಡತಿ

ಭಾಷೆ ಬಗ್ಗೆ ಯಾರೂ ಹೇಳಿಲ್ಲ. ಕಿಸುಮು ಹಳ್ಳಿಗಳಲ್ಲಿ ಮನೆಮಾತು ಧೋಲುವೊ, ಸ್ವಾಹಿಲಿ ಮತ್ತು ಇಂಗ್ಲಿಷ್ ಆಮೇಲೆ. ವಯಸ್ಸಾದವರ ಜೊತೆ ಧೋಲುವೊ ಬಲ್ಲ ಪ್ರವರ್ತಕರೇ ಮಾತಾಡಬೇಕು. ಅಮ್ಮನ ಮಾತನ್ನು ಮಗಳಿಂದ ಅನುವಾದ ಮಾಡಿಸಬೇಡಿ. ಗರ್ಭ, ಎಚ್‌ಐವಿ, ಮನೆಯ ಜಗಳ ಇಂಥದ್ದೆಲ್ಲ ಆ ದಾರಿಯಲ್ಲಿ ಹೊರಬರುವುದೇ ಇಲ್ಲ.

ಸ್ವಾಹಿಲಿಯಲ್ಲಿ ಔಷಧಿಗೆ "ದಾವಾ". ನಮ್ಮ ದವಾಖಾನೆಯ ದವಾ ಕೂಡ ಅದೇ ಅರಬ್ಬಿ ಮೂಲದ್ದು, ಹಾಗಾಗಿ ಮರೆಯುವುದಿಲ್ಲ. ನೋವಿಗೆ "ಮೌಮಿವು". ಯಾರಾದರೂ ಎಡವಿದರೂ, ಸಾವಿನ ಸುದ್ದಿ ಹೇಳಿದರೂ "ಪೋಲೆ" ಅನ್ನಿ, ಅನುಕಂಪದ ಮಾತು.

ಸಮಯದ ವಿಚಾರ ಮಾತ್ರ ಬರೆದಿಟ್ಟುಕೊಳ್ಳಿ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. "ಸಾ ಮೋಜಾ" ಅಂದರೆ ಪದಶಃ ಒಂದು ಗಂಟೆ, ಗಡಿಯಾರದಲ್ಲಿ ಬೆಳಿಗ್ಗೆ ಏಳು. "ಸಾ ಎಂಬಿಲಿ ಅಸುಬುಹಿ" ಬೆಳಿಗ್ಗೆ ಎಂಟು. ಆರು ಗಂಟೆಯ ಅಂತರ. ಮಾತ್ರೆ ಎಂಟಕ್ಕೆ ಅಂತ ಅಂಕಿ ಹೇಳಿದರೆ ಅದನ್ನು ಮಧ್ಯಾಹ್ನ ಎರಡಕ್ಕೆ ತೆಗೆದುಕೊಳ್ಳುವವರಿದ್ದಾರೆ. "ಬೆಳಗಿನ ಚಹಾ ಆದ ಮೇಲೆ", "ರಾತ್ರಿ ಉಗಾಲಿ ಉಂಡ ಮೇಲೆ" ಅನ್ನಿ. ಉಗಾಲಿ ಮೆಕ್ಕೆಜೋಳದ ಮುದ್ದೆ. ರಾಗಿಮುದ್ದೆ ಉಂಡು ಬೆಳೆದವರಿಗೆ ಕೈ ಹೇಗೆ ಹಾಕಬೇಕು ಅಂತ ಹೇಳಿಕೊಡಬೇಕಿಲ್ಲ.

ಇನ್ನು ಪ್ಲಾಸ್ಟಿಕ್. 2017ರ ಆಗಸ್ಟ್ 28ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ ಭಾರಿ. ಸೂಟ್‌ಕೇಸಿನಲ್ಲಿ ಬಟ್ಟೆ, ಚಪ್ಪಲಿ, ಚಟ್ನಿಪುಡಿ ಸುತ್ತಲು ಅಂಗಡಿ ಕ್ಯಾರಿಬ್ಯಾಗ್ ಬಳಸಬೇಡಿ. ಬಟ್ಟೆ ಚೀಲ, ಡಬ್ಬಿ ತನ್ನಿ. ಡ್ಯೂಟಿ ಫ್ರೀ ಚೀಲವನ್ನೂ ವಿಮಾನದಲ್ಲೇ ಬಿಡಿ.

ನರ್ಸಿಂಗ್_ಮೂರನೇ_ವರ್ಷ

ವೀಸಾ ಬೇಡ, ಆನ್‌ಲೈನ್ ಇಟಿಎ ಸಾಕು ಅಂತ ಏಜೆಂಟ್ ಹೇಳುತ್ತಿದ್ದಾರೆ. ಸರಿಯೇ?

ಕಿಸುಮು_ಕನ್ನಡತಿ

ಅರ್ಧ ಸರಿ. 2024ರ ಜನವರಿಯಿಂದ ವೀಸಾ ಬದಲು ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಬಂದಿದೆ, ಮೂಲ ಶುಲ್ಕ 30 ಡಾಲರ್, ಸರ್ಕಾರಿ ಜಾಲತಾಣದಲ್ಲೇ ಹಾಕಬೇಕು. ಅದೇ ಹೆಸರಿನ ನಕಲಿ ತಾಣಗಳು ದುಪ್ಪಟ್ಟು ಕೀಳುತ್ತವೆ. ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದರೂ ಉಳಿದಿರಲಿ. ಆದರೆ ಇಟಿಎ ಭೇಟಿಗೆ, ಕೆಲಸಕ್ಕಲ್ಲ. ಸಂಬಳ ಇಲ್ಲದ ಸೇವೆಯನ್ನೂ ವಲಸೆ ಅಧಿಕಾರಿಗಳು ಕೆಲಸ ಎಂದೇ ನೋಡಬಹುದು. ನಿಮಗೆ ಯಾವ ಪಾಸ್ (ಅನುಮತಿಪತ್ರ) ಬೇಕು ಅಂತ ಕರೆದ ಸಂಸ್ಥೆ ವಲಸೆ ಇಲಾಖೆಯಿಂದ ಲಿಖಿತವಾಗಿ ಕೇಳಿ ತಿಳಿಸಬೇಕು. "ಟೂರಿಸ್ಟ್ ಅಂತ ಹೇಳಿ ಸಾಕು" ಅನ್ನುವ ಸಂಸ್ಥೆಯ ಜೊತೆ ಹೋಗಲೇಬೇಡಿ. ಅಧಿಕಾರಿಗೆ ಸುಳ್ಳು ಹೇಳಿಸುವವರು ಮಿಕ್ಕ ಅನುಮತಿಗಳನ್ನು ಸರಿಯಾಗಿ ಮಾಡಿರುತ್ತಾರೆಂದು ನಂಬುವುದು ಹೇಗೆ?

ಅಟ್ಲಾಂಟಾ_ಅಮ್ಮ

ಇಲ್ಲಿ ಅಮೆರಿಕದಲ್ಲಿರುವ ಕನ್ನಡದ ತಂದೆ-ತಾಯಂದಿರಿಗೂ ಈ ಚರ್ಚೆ ಉಪಯೋಗ. ಇಲ್ಲಿನ ಮಕ್ಕಳು ಮೆಡಿಕಲ್ ಸ್ಕೂಲ್ ಅರ್ಜಿಗೆ ಅನುಕೂಲವಾಗಲಿ ಅಂತ ಡಿಗ್ರಿ ಓದುವಾಗಲೇ ಗ್ವಾಟೆಮಾಲಾ, ಹೊಂಡುರಾಸ್‌ಗೆ ಒಂದು ವಾರದ ಕ್ಯಾಂಪ್‌ಗೆ ಹೋಗುತ್ತಾರೆ. ಅಲ್ಲಿ ಇಂಜೆಕ್ಷನ್ ಕೊಟ್ಟೆ, ಹೊಲಿಗೆ ಹಾಕಿದೆ ಅಂತ ಪ್ರಬಂಧದಲ್ಲಿ ಬರೆದರೆ ಅನುಕೂಲಕ್ಕಿಂತ ಹಾನಿಯೇ ಹೆಚ್ಚು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ: ತರಬೇತಿ ಇಲ್ಲದ ಕೆಲಸ ವಿದೇಶದಲ್ಲೂ ಮಾಡಬಾರದು. ಮಿನೆಸೊಟ ವಿಶ್ವವಿದ್ಯಾಲಯದ ರೋಗಿ ಸುರಕ್ಷತೆಯ ಆನ್‌ಲೈನ್ ಪಾಠವೂ ಇದೇ ಉದ್ದೇಶದ್ದು. "ಇಲ್ಲ, ನನಗೆ ಇದರ ತರಬೇತಿ ಆಗಿಲ್ಲ" ಅಂತ ಹೇಳುವುದನ್ನು ಹೊರಡುವ ಮೊದಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿಸಿ. ಅಲ್ಲಿನ ಹಿರಿಯ ವೈದ್ಯರು ಪ್ರೀತಿಯಿಂದ ಸೂಜಿ ಕೈಗಿಟ್ಟಾಗ ಆ ಮಾತು ತಾನಾಗಿ ಬಾಯಿಗೆ ಬರುವುದಿಲ್ಲ.

ಶುಲ್ಕದ ಬಗ್ಗೆಯೂ ಕೇಳಿ. ಒಬ್ಬರಿಂದ ತೆಗೆದುಕೊಳ್ಳುವ ಹಣದಲ್ಲಿ ಊಟ-ವಸತಿಗೆ ಎಷ್ಟು, ಮಧ್ಯವರ್ತಿಗೆ ಎಷ್ಟು, ನಿಮ್ಮನ್ನು ನೋಡಿಕೊಳ್ಳುವ ಸ್ಥಳೀಯ ನರ್ಸ್‌ಗೆ ಎಷ್ಟು. ಕೊನೆಯದು ಸೊನ್ನೆ ಎಂದಾದರೆ ಆ ನರ್ಸ್ ತನ್ನ ರೋಗಿಗಳನ್ನು ಬಿಟ್ಟು ನಿಮ್ಮ ಹಿಂದೆ ಬಿಟ್ಟಿ ತಿರುಗುತ್ತಿದ್ದಾರೆ ಎಂದರ್ಥ.

ಲ್ಯಾಬ್_ಅಕ್ಕ_ಮಂಗಳೂರು

ಸೂಜಿ ಚುಚ್ಚಿದರೆ ಏನು ಮಾಡುವುದು ಅಂತ ಹೊರಡುವ ಮೊದಲೇ ಒಂದು ಕಾರ್ಡ್‌ನಲ್ಲಿ ಬರೆದು ಎಂಟೂ ಜನರ ಜೇಬಿನಲ್ಲಿ ಇರಲಿ. ಹಿಂಡಬೇಡಿ, ಬ್ಲೀಚ್ ಸುರಿಯಬೇಡಿ. ಹರಿಯುವ ನೀರು, ಸಾಬೂನು. ರಕ್ತ ಕಣ್ಣಿಗೆ ಹಾರಿದರೆ ಬರೀ ನೀರು. ಎಚ್‌ಐವಿ ತಡೆ ಔಷಧಿ ಆದಷ್ಟು ಬೇಗ, ಎರಡು ಗಂಟೆಯೊಳಗೆ ಆದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಟೆನೋಫೋವಿರ್, ಲಾಮಿವುಡಿನ್, ಡೋಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ಕಿಸುಮು ಕೀನ್ಯಾದಲ್ಲಿ ಎಚ್‌ಐವಿ ಹೆಚ್ಚಿರುವ ಕೌಂಟಿಗಳಲ್ಲಿ ಒಂದು, ಹಾಗಾಗಿ ಅಲ್ಲಿನ ಕೇಂದ್ರಗಳಲ್ಲಿ ಈ ಔಷಧಿ ಉಂಟು. ಆದರೆ ಭಾನುವಾರ ರಾತ್ರಿ ಯಾವ ಕೇಂದ್ರ ತೆರೆದಿರ್ತದೆ, ವಾಹನ ಯಾರದ್ದು, ಫೋನ್ ನಂಬರ್ ಏನು ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ. ಹೆದರಿ, ನಾಚಿ ಯಾರಿಗೂ ಹೇಳದೆ ಕೂರುವ ವಿದ್ಯಾರ್ಥಿಗಳೇ ಹೆಚ್ಚು. ಬೈಯುವುದಿಲ್ಲ ಅಂತ ತಂಡದ ಮೇಷ್ಟ್ರು ಮೊದಲೇ ಮಾತು ಕೊಡಬೇಕು.

ಸಮುದಾಯ_ವೈದ್ಯ_ಧಾರವಾಡ

ಮೂರು ಎಂಬಿಬಿಎಸ್ ಹುಡುಗರಿಗೆ ಒಂದು ಮಾತು. ಹೋದ ಕೂಡಲೇ ಸರ್ವೆ ಮಾಡಿ ಪೇಪರ್ ಬರಿಯೋ ಆಸೆ ಇರತೈತಿ. ಕೀನ್ಯಾದಾಗ ಸಂಶೋಧನೆಗೆ ನಾಕೋಸ್ಟಿ (ಅಲ್ಲಿನ ವಿಜ್ಞಾನ ಆಯೋಗ) ಪರವಾನಗಿ ಬೇಕು, ಅಲ್ಲಿನ ನೈತಿಕ ಸಮಿತಿ ಒಪ್ಪಿಗೆ ಬೇಕು, ನಿಮ್ಮ ಕಾಲೇಜಿನ ಸಮಿತಿಯದೂ ಬೇಕು. ಐದು ತಿಂಗಳದಾಗ ಎಲ್ಲಾ ಆಗೋದು ಕಷ್ಟ. ರಕ್ತದ ಮಾದರಿ ಭಾರತಕ್ಕ ತರೋ ವಿಚಾರ ಮಾಡಲೇಬ್ಯಾಡ್ರಿ. ರೋಗಿಯ ಮಾಹಿತಿಗೂ ಫೋಟೋಕ್ಕೂ ಅಲ್ಲಿ 2019ರ ಡೇಟಾ ರಕ್ಷಣೆ ಕಾಯ್ದೆ ಐತಿ. ತೋಳಿಗೆ ಕೆಂಪು ಪಟ್ಟಿ ಬಂದ ಮಗುವನ್ನ ಎತ್ತಿಕೊಂಡು ಸೆಲ್ಫಿ ಹಾಕೋದು ಕಾಯ್ದೆ ಇಲ್ಲದಿದ್ದರೂ ತಪ್ಪು. ನಿಮ್ಮ ಅಂಗನವಾಡಿ ಕೂಸಿನ ಫೋಟೋ ಹೊರದೇಶದವರು ಹಂಗ ಹಾಕಿದರ ನಿಮಗೆ ಹೆಂಗ ಅನಸತೈತಿ?

ಕಿಸುಮು_ಕನ್ನಡತಿ

ದೈನಂದಿನ ಸುರಕ್ಷತೆ: ಪ್ರಯಾಣಿಕರಿಗೆ ರೋಗಕ್ಕಿಂತ ದೊಡ್ಡ ಅಪಾಯ ರಸ್ತೆ. ಬೊಡಾ ಬೊಡಾ ಅಂದರೆ ಬಾಡಿಗೆ ಬೈಕ್. ತಂಡಕ್ಕೆ ನಿಷೇಧ ಹಾಕಿ. ಹಲವು ವಿಮೆಗಳು ಬೈಕ್ ಅಪಘಾತಕ್ಕೆ ಹಣ ಕೊಡುವುದೇ ಇಲ್ಲ. ಕತ್ತಲಾದ ಮೇಲೆ ಊರಿಂದೂರಿಗೆ ಹೋಗಬೇಡಿ. ವಿಮೆಯ ಪಾಲಿಸಿಯಲ್ಲಿ ಮೂರು ಸಾಲು ಹುಡುಕಿ: ವಿಮಾನದಲ್ಲಿ ರೋಗಿ ಸಾಗಿಸುವ ಖರ್ಚು, ಸ್ವಯಂಸೇವೆಯ ವೇಳೆಯ ಗಾಯ, ಸೂಜಿಗಾಯದ ಚಿಕಿತ್ಸೆ. ಕಿಸುಮುವಿನಿಂದ ನೈರೋಬಿಗೆ ರೋಗಿಯನ್ನು ಒಯ್ಯುವುದು ಅಂಬುಲೆನ್ಸ್ ವಿಮಾನದಲ್ಲಿ, ಅದರ ಬಿಲ್ಲು ವಿದ್ಯಾರ್ಥಿಯ ಮನೆಯವರಿಗೆ ಹೊರಲಾಗದ್ದು.

ಸರೋವರ ಎಷ್ಟು ಚೆಂದ ಕಂಡರೂ ಕಾಲಿಡಬೇಡಿ. ವಿಕ್ಟೋರಿಯಾದ ದಡದ ಬಸವನಹುಳುಗಳಿಂದ ಶಿಸ್ಟೋಸೋಮಿಯಾಸಿಸ್ ಎಂಬ ಪರೋಪಜೀವಿ ರೋಗ ಬರುತ್ತದೆ. ಆ ರೋಗದ ಸೂಕ್ಷ್ಮ ಪರೋಪಜೀವಿ ಚರ್ಮದ ಮೂಲಕವೇ ಒಳಹೋಗುತ್ತದೆ, ನೀರು ಕುಡಿಯಬೇಕೆಂದಿಲ್ಲ. ಇಳಿದದ್ದಾದರೆ ಊರಿಗೆ ಬಂದ ಮೇಲೆ ಹೇಳಿ. ರಕ್ತಪರೀಕ್ಷೆ ಆರರಿಂದ ಎಂಟು ವಾರದ ನಂತರ ಮಾಡಿದರೆ ಮಾತ್ರ ನಂಬಬಹುದು, ಮರುದಿನ ಮಾಡಿಸಿದರೆ ಏನೂ ಕಾಣುವುದಿಲ್ಲ.

ಲಸಿಕೆ_ಕೋಣೆ

ಊರಿಗೆ ಬಂದ ಮೇಲೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ನಮ್ಮ ಕಡೆ ಮಳೆಗಾಲದ ಜ್ವರ ಅಂದರೆ ಡೆಂಗ್ಯೂ ಪರೀಕ್ಷೆ ಮೊದಲು ಬರೆಯುತ್ತಾರೆ. "ಕೀನ್ಯಾದಿಂದ ಬಂದಿದ್ದೇನೆ, ಮಲೇರಿಯಾ ಸ್ಮಿಯರ್ (ರಕ್ತಲೇಪ) ನೋಡಿ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಮೊದಲ ಸಲ ನೆಗೆಟಿವ್ ಬಂದರೆ ಅಲ್ಲಿಗೆ ಬಿಡದೆ 12ರಿಂದ 24 ಗಂಟೆ ಅಂತರದಲ್ಲಿ ಇನ್ನೆರಡು ಸಲ. ಮಾತ್ರೆ ತಪ್ಪದೆ ನುಂಗಿದ್ದರೂ ಪರೀಕ್ಷೆ ಬೇಕು. ಮೊದಲ ಮೂರು ತಿಂಗಳು ಹೆಚ್ಚು ಎಚ್ಚರ, ಒಂದು ವರ್ಷದವರೆಗೂ ಯಾವ ಜ್ವರಕ್ಕಾದರೂ ಪ್ರಯಾಣದ ವಿಷಯ ಹೇಳಿ. ಕ್ಷಯರೋಗದ ಪರೀಕ್ಷೆಯನ್ನು ಹೋಗುವ ಮೊದಲು ಒಮ್ಮೆ, ಬಂದ ಎಂಟು-ಹತ್ತು ವಾರಕ್ಕೆ ಒಮ್ಮೆ ಮಾಡಿಸಿದರೆ ಹೊಸ ಸೋಂಕು ಆಗಿದೆಯೇ ಅಂತ ತಿಳಿಯುತ್ತದೆ.

ನರ್ಸಿಂಗ್_ಮೂರನೇ_ವರ್ಷ

ಔಷಧಿ ಸೂಟ್‌ಕೇಸ್ ಬೇಡ ಅಂತ ದಾನಿಗಳಿಗೆ ಹೇಳಿದ್ದೇವೆ. ಡಿಸ್ಪೆನ್ಸರಿಗೆ ಬರೆದು ಕೇಳಿದಾಗ ಅವರು ಕಳಿಸಿದ ಪಟ್ಟಿ: ದೊಡ್ಡ ಅಳತೆಯ ಬಿಪಿ ಕಫ್, ಎಎ ಬ್ಯಾಟರಿ, ಸೇಫ್ಟಿ ಬಾಕ್ಸ್, ರಿಜಿಸ್ಟರ್ ಪುಸ್ತಕ. ಮತ್ತೆ ಹಳೆಯ ಮನೆಭೇಟಿ ವಿವರಗಳನ್ನು ಮೊಬೈಲ್‌ಗೆ ತುಂಬಲು ಇಬ್ಬರು ಎರಡು ವಾರ ಕೂರಬಹುದೇ ಅಂತ ಕೇಳಿದ್ದಾರೆ. ಕಫ್ ಇಲ್ಲಿಂದ ಒಯ್ಯಬಹುದೇ?

ಲ್ಯಾಬ್_ಅಕ್ಕ_ಮಂಗಳೂರು

ಕಫ್ ಒಯ್ಯಬಹುದು, ಆದರೆ ಅವರ ಯಂತ್ರದ ಮಾಡೆಲ್ ನಂಬರ್ ಮತ್ತು ಗಾಳಿ ಕೊಳವೆಯ ತುದಿಯ ಫೋಟೋ ತರಿಸಿಕೊಳ್ಳಿ. ಕಂಪನಿ ಬೇರೆಯಾದರೆ ಆ ತುದಿ ಕೂರುವುದಿಲ್ಲ, ಕೂತರೂ ಅಂಕಿ ತಪ್ಪು. ದಾನದ ಪತ್ರ, ಬೆಲೆಯ ಬಿಲ್ ಸಾಮಾನಿನ ಜೊತೆಗೇ ಇರಲಿ. ಬ್ಯಾಟರಿ, ರಿಜಿಸ್ಟರ್ ಎಲ್ಲ ಕಿಸುಮು ಪೇಟೆಯಲ್ಲೇ ತೆಗೊಳ್ಳಿ. ಮೊಬೈಲ್‌ಗೆ ವಿವರ ತುಂಬುವ ಕೆಲಸಕ್ಕೆ ಇಬ್ಬರಲ್ಲ, ನಾಲ್ಕು ಜನ ಕೂರಿ, ಒಬ್ಬರು ಓದಿ ಇನ್ನೊಬ್ಬರು ತುಂಬಿದರೆ ತಪ್ಪು ಕಡಿಮೆ. ಮೊದಲ ಮೂರು ದಿನ ಅವರ ಸೂಪರ್‌ವೈಸರ್ ಪ್ರತಿ ಪುಟ ನೋಡಲಿ.